ನರ್ಸಮ್ಮ ಹೇಳಿದ ಸೋಮವಾರ

ಆಗ ನಾನು ಕಾಪುವಿನಲ್ಲಿ ಟೀಚರ್. ಮೊದಲ ಬಸಿರು ನಿಂತಿರಲಿಲ್ಲ. ಹಾಗಾಗಿ ಎರಡನೆಯದನ್ನು ಯಾರಿಗೂ ಹೇಳದೆ, ಒಂದು ಶುಕ್ರವಾರ ಕಲ್ಯಾಣಪುರದಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮನ ಮನೆ ಹುಡುಕಿಕೊಂಡು ಹೋದೆ.

“ಸೋಮವಾರ ಬನ್ನಿ. ನಾನಿರುವುದಿಲ್ಲ, ಮಗಳು ನೋಡುತ್ತಾಳೆ,” ಎಂದರು.

ಸೋಮವಾರ ಹೋದರೆ ಅಂಗಳದ ತುಂಬ ಜನ. ನರ್ಸಮ್ಮ ಹಿಂದಿನ ದಿನ ತೀರಿಕೊಂಡಿದ್ದರು. ನಾನು ಮೆಲ್ಲನೆ ಹಿಂದಿರುಗುವಾಗ, ಅತ್ತು ಕಣ್ಣು ಕೆಂಪಾದ ಹೆಂಗಸೊಬ್ಬರು ಗೇಟಿನವರೆಗೆ ಬಂದರು.

“ಕಾಪುವಿನ ಟೀಚರ್ ಅಲ್ವಾ? ನಾನು ಮಗಳು, ಕಾರ್ಕಳದಲ್ಲಿ ನರ್ಸ್. ನಿಮ್ಮನ್ನು ನೋಡಲಿಕ್ಕೆ ಉಂಟು, ಸೋಮವಾರ ಬಾ ಅಂತ ಅಮ್ಮ ಕಾಗದ ಹಾಕಿದ್ದರು.”

“ಯಾವಾಗ?”

“ಬುಧವಾರವೇ ಕೈಗೆ ಸಿಕ್ಕಿತು.”

ನಾನು ನರ್ಸಮ್ಮನನ್ನು ಮೊದಲು ಕಂಡದ್ದು ಅದಾಗಿ ಎರಡು ದಿನಕ್ಕೆ. ಮಗಳು ಗೇಟಿನಲ್ಲೇ ನನ್ನ ನಾಡಿ ಹಿಡಿದು, “ಹೆದರಬೇಡಿ, ಎಲ್ಲ ಸರಿ ಉಂಟು,” ಎಂದರು. ಸರಿಯಾಗಿಯೇ ಇತ್ತು.

ಸಂಜೆ ಗಂಡನಿಗೆ ಬಸಿರಿನ ಸುದ್ದಿ ಹೇಳಿದೆ.

“ನನಗೇ ಮೊದಲು ಹೇಳಿದ್ದಲ್ವಾ?” ಎಂದು ಕೇಳಿದರು.

ಹೌದು ಎಂದುಬಿಟ್ಟೆ.