ಎರಡು ಸಲ ಹೇಳುತ್ತಿದ್ದ ರಹೀಮಣ್ಣ

ರಹೀಮಣ್ಣ ಬಾಯಿ ತೆರೆಯುವ ಮೊದಲು ಎದುರಿಗಿದ್ದ ಏನನ್ನಾದರೂ ತೋರುಬೆರಳಿನಿಂದ ಮೂರು ಸಲ ತಟ್ಟುತ್ತಿದ್ದರು. ಟೇಬಲ್ಲು, ಬಾಗಿಲು, ಚಹಾದ ಲೋಟ, ಏನೂ ಸಿಗದಿದ್ದರೆ ತಮ್ಮದೇ ಮೊಣಕಾಲು. ತಟ್ಟಿ, ಒಂದು ಗಳಿಗೆ ಕಿವಿಗೊಟ್ಟು, ಉಸಿರೆಳೆದುಕೊಂಡು ಆಮೇಲೆ ಮಾತು. ಅದೂ ಹೇಳಿದ್ದನ್ನೇ ಎರಡು ಸಲ. ಸವಳಂಗ ರಸ್ತೆಯಲ್ಲಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಮೊದಲ ಸಲ ಬಂದಾಗ ಕೌಂಟರಿನ ಗಾಜನ್ನು ಟಕ್ ಟಕ್ ಟಕ್ ಎನ್ನಿಸಿ, "ಲಿನಕ್ಸ್ ಬೇಕಿತ್ತು ಸಾರ್. ಲಿನಕ್ಸ್ ಬೇಕಿತ್ತು," ಎಂದರು. ಪಕ್ಕದ ಬೇಕರಿಯವನು ಏನಾಯಿತೋ ಎಂದು ತಲೆ ಹೊರಗೆ ಹಾಕಿ ನೋಡಿದ. ಅಂಥ ಕಂಠ ಅದು.

ಭದ್ರಾವತಿಯಲ್ಲಿ ಮೈಕ್ ರಹೀಮಣ್ಣ ಎಂದರೆ ಗೊತ್ತಿಲ್ಲದವರಿರಲಿಲ್ಲ. ತಲೆಯ ಮೇಲೆ ಜೋಡಿ ಹಾರ್ನ್ ಕಟ್ಟಿದ ಆಟೋದಲ್ಲಿ ಕೂತು ಊರಿಗೆಲ್ಲ ಸುದ್ದಿ ಸಾರುವುದು ಅವರ ಕಸುಬು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಸೀರೆ ಅಂಗಡಿ ತೆರೆದಿದೆ, ಕೆಂಪು ಫ್ರಾಕಿನ ಮಗು ತಪ್ಪಿಸಿಕೊಂಡಿದೆ, ಇಂಥವರು ತೀರಿಕೊಂಡಿದ್ದಾರೆ. ಪೇಟೆಯಲ್ಲಿ ಕನ್ನಡ, ಕಾರ್ಖಾನೆಯ ಕ್ವಾರ್ಟರ್ಸ್ ಕಡೆ ಹೊರಳಿದರೆ ತಮಿಳು, ತೆಲುಗು, ತಮ್ಮ ಓಣಿಗೆ ಬಂದರೆ ದಖ್ಖನಿ ಉರ್ದು. ಎರಡೆರಡು ಸಲ ಯಾಕೆ ಹೇಳುತ್ತೀರಿ ಎಂದು ಕೇಳಿದ್ದಕ್ಕೆ, "ಮೊದಲ್ನೇ ಸಲ ಹೇಳಿದಾಗ ಜನ ಟಿವಿ ಸಣ್ಣ ಮಾಡ್ತಾರೆ ಸಾರ್, ಅಷ್ಟೇ. ಎರಡನೇ ಸಲ ಹೇಳಿದಾಗ ಕೇಳಿಸ್ಕೊಳ್ತಾರೆ. ಸಾವಿನ ಸುದ್ದಿ ಅಂತೂ ಒಂದ್ಸಲ ಹೇಳಿದ್ರೆ ಯಾರೂ ನಂಬಲ್ಲ," ಎಂದಿದ್ದರು.

ಅವರದು ಕ್ಯಾಸೆಟ್ಟಿನ ಕಾಲದ ವಿದ್ಯೆ. ಸುದ್ದಿಯನ್ನು ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡು ಆಟೋದಲ್ಲಿ ಹಾಕುತ್ತಿದ್ದರು. ಚೆನ್ನಾಗಿ ಬಂದ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಪುಟ್ಟ ಪ್ಲಾಸ್ಟಿಕ್ ಚೂರನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡುವುದು ಅವರ ಪದ್ಧತಿ. ಆ ಚೂರು ಮುರಿದರೆ ಅದರ ಮೇಲೆ ಇನ್ನೇನೂ ರೆಕಾರ್ಡ್ ಆಗುವುದಿಲ್ಲ, ಇದ್ದದ್ದು ಹಾಗೇ ಉಳಿಯುತ್ತದೆ. "ಟ್ಯಾಬ್ ಮುರಿಯೋದು" ಎಂದರೆ ಅವರ ಬಾಯಲ್ಲಿ ಭದ್ರ ಮಾಡಿಡುವುದು. ಆದರೆ ಒಂದು ಮಳೆಗಾಲ ಭದ್ರೆಯ ನೀರು ಓಣಿಗೆ ನುಗ್ಗಿ ಆ ಕ್ಯಾಸೆಟ್ಟುಗಳೆಲ್ಲ ಕೆಸರಾಗಿದ್ದವು. "ನೀರಿಗೆ ಟ್ಯಾಬ್ ಗೊತ್ತಾಗಲ್ಲ ನೋಡಿ," ಎಂದು ಅದನ್ನೂ ನಗುತ್ತಲೇ ಹೇಳಿದ್ದರು.

ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ, ಪುಕ್ಕಟೆ ಸಿಗುವ ತಂತ್ರಾಂಶ. ಅದು ಯಾಕೆ ಬೇಕೆಂದು ಕೇಳಿದಾಗ ಮಾತ್ರ ನಗಲಿಲ್ಲ. ಗಾಜನ್ನು ಮತ್ತೆ ತಟ್ಟಿದರು. "ಗಂಟಲಲ್ಲಿ ಗಡ್ಡೆ ಸಾರ್. ದನಿಪೆಟ್ಟಿಗೆನೇ ತೆಗೀಬೇಕಂತೆ. ದನಿಪೆಟ್ಟಿಗೆನೇ ತೆಗೀಬೇಕಂತೆ." ನಾಳೆ ನೀರು ಬರುವುದಿಲ್ಲ ಎನ್ನುವ ಧಾಟಿಯಲ್ಲೇ ಹೇಳಿದರು. ಕಂಠದ ತಳದಲ್ಲಿದ್ದ ಗೊಗ್ಗರು ಆಗ ನನಗೆ ಕೇಳಿಸಿತು. ನನಗೆ ತೋಚಿದ್ದನ್ನು ನಾನು ಹೇಳಿದೆ: ಸ್ಲೇಟಿನಲ್ಲಿ ಬರೆದು ತೋರಿಸಬಹುದಲ್ಲ?

"ಯಾರಿಗೆ ತೋರಿಸ್ಲಿ? ನಮ್ಮನೆಯವಳಿಗೆ ಕಣ್ಣು ಕಾಣಲ್ಲ."

ಅವರ ಹೆಂಡತಿ ಜೈತೂನ್‌ಬಿಗೆ ಸಕ್ಕರೆ ಕಾಯಿಲೆ ಎರಡೂ ಕಣ್ಣುಗಳನ್ನು ತಿಂದುಹಾಕಿತ್ತು. ಮಕ್ಕಳಿಲ್ಲ. ಮನೆಯಲ್ಲಿ ಇವರಿಬ್ಬರೇ. ಆಕೆಗೆ ಗಂಡನೆಂದರೆ ಒಂದು ದನಿ, ಆ ದನಿಯನ್ನೇ ಡಾಕ್ಟರು ಕತ್ತರಿಸಿ ತೆಗೆಯುವವರಿದ್ದರು. ಅಷ್ಟರೊಳಗೆ ಮನೆಯಲ್ಲಿ ದಿನಾ ಬೇಕಾಗುವ ಮಾತುಗಳನ್ನು ಕಂಪ್ಯೂಟರಿಗೆ ತುಂಬಿ, ಒಂದೊಂದು ಕೀಗೆ ಒಂದೊಂದು ಮಾತು ಕಟ್ಟಬೇಕೆಂಬುದು ರಹೀಮಣ್ಣನ ಲೆಕ್ಕಾಚಾರ. ಮುಚ್ಚಿಹೋದ ಬ್ರೌಸಿಂಗ್ ಸೆಂಟರಿನಿಂದ ಒಂದು ಹಳೆಯ ಕಂಪ್ಯೂಟರ್ ಸಿಕ್ಕಿತ್ತು, ಲಿನಕ್ಸ್ ಆದರೆ ಅಂಥ ಡಬ್ಬದಲ್ಲೂ ಓಡುತ್ತದೆಂದು ಯಾರೋ ಹೇಳಿದ್ದರು. ಮೊಬೈಲಿನಲ್ಲೇ ರೆಕಾರ್ಡ್ ಮಾಡಬಹುದಲ್ಲ ಎಂದರೆ ಮುಖ ಸಿಂಡರಿಸಿದರು. "ಅದು ಸೊಳ್ಳೆ ದನಿ ಸಾರ್. ನನ್ನ ಮೈಕ್‌ನಲ್ಲೇ ಆಗ್ಬೇಕು."

ಅರ್ಧ ಗಂಟೆಯ ಕೆಲಸ, ನಾನೇ ಹಾಕಿಕೊಡುತ್ತೇನೆ ಎಂದೆ. ಅವರು ಸುತರಾಂ ಒಪ್ಪಲಿಲ್ಲ.

"ಬೇರೆಯವರು ಕಟ್ಟಿದ ವೈರ್ ಮೇಲೆ ನಾನು ಯಾವತ್ತೂ ಮಾತಾಡಿಲ್ಲ. ಕಲಿಸ್ಕೊಡಿ, ನಾನೇ ಕಟ್ತೀನಿ. ನಾಳೆ ಕೆಟ್ರೆ ನಿಮ್ಮನ್ನ ಹೆಂಗೆ ಕರೀಲಿ? ಕರೆಯೋಕೆ ದನಿನೇ ಇರಲ್ಲ."

ಹಾಗೆ ಅರವತ್ತು ದಾಟಿದ ಆ ಮನುಷ್ಯ ನನ್ನ ಅಂಗಡಿಯ ಮೂಲೆಯ ಟೇಬಲ್ಲಿಗೆ ಬಂದು ಕೂತರು. ಇಂಗ್ಲಿಷನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಚುಚ್ಚಿದರೆ ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡದೆ ಸತ್ತುಹೋದ ಹಳೆಯ ವ್ಯವಸ್ಥೆಯನ್ನೇ ತೆರೆಯಲು ಒದ್ದಾಡುತ್ತಿತ್ತು. ಆನ್ ಆಗುವ ಕ್ಷಣದಲ್ಲೇ ಸರಿಯಾದ ಕೀ ಒತ್ತಬೇಕು, ಇವರು ಒತ್ತುವಷ್ಟರಲ್ಲಿ ಆ ಕ್ಷಣ ದಾಟಿರುತ್ತಿತ್ತು. ಅಂತೂ ಹಾಕಿಕೊಂಡಿದ್ದಾಯಿತು. ಆಮೇಲೆ ಕಂಪ್ಯೂಟರಿಗೆ ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಒತ್ತಿದರೆ ಪರದೆಯ ಮೇಲೆ ಒಂದಕ್ಷರವೂ ಮೂಡದು. ಲಿನಕ್ಸಿನ ರೀತಿಯೇ ಅದು. ಕೀಬೋರ್ಡ್ ಕೆಟ್ಟಿದೆಯೆಂದು ಇವರು ಅದನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದ್ದರು. ಒಳಗೆ ಅಕ್ಷರ ಬೀಳುತ್ತಿದೆ, ಕಾಣುವುದಿಲ್ಲ ಅಷ್ಟೇ ಎಂದು ತಿಳಿಸಿದೆ. "ಓ, ಮೈಕ್ ಆನ್ ಇದೆ, ಹಾರ್ನ್ ಆಫ್ ಇದೆ," ಎಂದರು. ಆಮೇಲೆ ಆ ವಿಷಯದಲ್ಲಿ ಎಡವಲಿಲ್ಲ.

ಸೋತದ್ದು ಮೈಕಿನ ಮುಂದೆ. ತಮ್ಮ ಹಳೆಯ ಮೈಕನ್ನು ಜೋಡಿಸಿ, ಮೂರು ಸಲ ತಟ್ಟಿ, ಮಾತಾಡಿ, ಪ್ಲೇ ಮಾಡಿದರೆ ಬರೀ ಮೌನ. ಪರದೆಯ ಮೇಲೆ ಚಪ್ಪಟೆ ಗೆರೆ. ಮರುದಿನ ಮತ್ತೆ ಭದ್ರಾವತಿಯಿಂದ ಬಸ್ಸು ಹತ್ತಿ ಬರುವುದು, ಮತ್ತೆ ಅದೇ ಗೆರೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಒತ್ತಿ ಇದನ್ನು ಒತ್ತಿ ಕೊನೆಗೆ ಸ್ಪೀಕರ್ ಕೂಡ ಮೂಕವಾಯಿತು. ಆಪರೇಷನ್ನಿನ ದಿನ ಹತ್ತಿರವಾಗುತ್ತಿತ್ತು, ಗೊಗ್ಗರು ಏರುತ್ತಿತ್ತು. ಒಂದು ಮಧ್ಯಾಹ್ನ ಹೆಡ್‌ಫೋನ್ ತೆಗೆದಿಟ್ಟು, "ಡಾಕ್ಟ್ರು ತೆಗೆಯೋಕೆ ಮುಂಚೆ ಇದೇ ತೆಗೆದುಬಿಡ್ತಲ್ಲ ಸಾರ್," ಎಂದರು. ಆ ಹೊತ್ತಿಗೆ ಟೇಬಲ್ಲನ್ನು ತಟ್ಟಲಿಲ್ಲ, ಎರಡನೇ ಸಲ ಹೇಳಲೂ ಇಲ್ಲ. ನಾನೇ ನೋಡೋಣವೆಂದು ಹತ್ತಿರ ಹೋದರೆ ಕೈ ಅಡ್ಡ ಹಿಡಿದರು. ವೈರು ಹುಡುಕುವವರಂತೆ ಈ ತುದಿಯಿಂದ ಆ ತುದಿಗೆ ಒಂದೊಂದೇ ಆಯ್ಕೆ ನೋಡುತ್ತಾ ಹೋಗಿ, ಮೈಕಿನ ದಾರಿಯೂ ಸ್ಪೀಕರಿನ ದಾರಿಯೂ ಮುಚ್ಚಿಕೊಂಡಿದ್ದನ್ನು ಅವರೇ ಹಿಡಿದರು. ಅವನ್ನು ತೆರೆದು "ಹಲೋ" ಎಂದದ್ದೇ ತಡ, ಗೆರೆ ಗುಡ್ಡದಂತೆ ಎದ್ದಿತು. ರಹೀಮಣ್ಣ ಕಣ್ಣೊರೆಸಿಕೊಂಡರು. ನಾನು ಗಿರಾಕಿ ಬಂದರೇನೋ ಎಂಬಂತೆ ರಸ್ತೆ ಕಡೆ ನೋಡಿದೆ.

ಮಾತು ತುಂಬಲು ಕೂತಾಗ ಹೊಸ ಪೇಚಾಟ. ಮೈಕ್ ಎದುರಿಗಿದ್ದರೆ ಅವರಿಗೆ ಸಣ್ಣ ದನಿಯಲ್ಲಿ ಮಾತಾಡಲು ಬರುತ್ತಲೇ ಇರಲಿಲ್ಲ. ಹೆಂಡತಿಗೆ ಮಾತ್ರೆ ತಗೊಂಡೆಯಾ ಎಂದು ಕೇಳುವ "ದವಾ ಖಾಯೇ ಕ್ಯಾ?" ಕೂಡ ಇಡೀ ಓಣಿಗೆ ಸಾರಿದಂತಿರುತ್ತಿತ್ತು. "ಮೆಲ್ಲಗೆ ಮಾರಾಯ್ರೆ, ತ್ಯಾವರೆಕೊಪ್ಪದ ಸಫಾರಿಯ ಸಿಂಹ ಉತ್ತರ ಕೊಟ್ಟೀತು," ಎಂದು ನಾನು ಛೇಡಿಸಿದರೆ ನಗುತ್ತಾ ಮತ್ತೆ ಶುರು ಮಾಡುತ್ತಿದ್ದರು. ಎಲ್ಲವೂ ಎರಡೆರಡು ಸಲ. ನೀರು ಬೇಕಾ, ಮೆಟ್ಟಿಲಿದೆ ಹುಷಾರು, ಪೇಟೆಗೆ ಹೋಗಿ ಬರ್ತೀನಿ. ಅವರು ಅತಿ ಕಷ್ಟಪಟ್ಟು ಮೃದುವಾಗಿ ಹೇಳಿದ್ದು ಒಂದೇ ಒಂದು: "ಮೈ ಇಧರೀಚ್ ಹೂಂ. ಮೈ ಇಧರೀಚ್ ಹೂಂ." ನಾನಿಲ್ಲೇ ಇದೀನಿ. ಅದನ್ನು ಕೀಬೋರ್ಡಿನ ಬಲತುದಿಯ ಅಂಕಿಗಳ ಗುಂಪಿನಲ್ಲಿರುವ ಉದ್ದನೆಯ ಸೊನ್ನೆ ಕೀಗೆ ಕಟ್ಟಿದರು. ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಅದೇ ಎಂದರು.

ಎಲ್ಲ ಮುಗಿದ ಮೇಲೆ ಆ ಮಾತುಗಳಿದ್ದ ಫೋಲ್ಡರನ್ನು ಯಾರೂ ತಿದ್ದಲಾರದಂತೆ ಮಾಡುವ ಉಪಾಯ ಕಲಿತರು. ಫೋಲ್ಡರಿನ ಮೇಲೆ ಪುಟ್ಟ ಬೀಗದ ಗುರುತು ಬಂತು. "ಟ್ಯಾಬ್ ಮುರಿದೆ ಸಾರ್!" ಎಂದು ಕುಣಿದಾಡಿಬಿಟ್ಟರು. ಅದು ಬೇರೆ, ಇದು ಬೇರೆ, ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ ಎಂದೆ. "ಮಾಡ್ಕೊಳ್ತೀನಿ, ಮಾಡ್ಕೊಳ್ತೀನಿ," ಎಂದರು. ಅಷ್ಟರಲ್ಲಿ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿಯಾಗಿದೆ, ನಾಳೆಯೇ ಬನ್ನಿ ಎಂದು ಕರೆ ಬಂತು.

ಆಪರೇಷನ್ ಆಗಿ ಮನೆ ಸೇರಿದ ಮೇಲೆ ಒಂದು ಭಾನುವಾರ ನೋಡಲು ಹೋದೆ. ಕತ್ತಿನಲ್ಲಿ ಒಂದು ತೂತು, ಅದರ ಮೇಲೆ ತೆಳ್ಳನೆ ಬಟ್ಟೆ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಜೈತೂನ್‌ಬಿ ಒಳಗಿನಿಂದ, "ಹೈ ಕ್ಯಾ ಜೀ?" ಇದ್ದೀರಾ, ಎಂದು ಕೂಗಿದರು. ರಹೀಮಣ್ಣ ನನ್ನತ್ತ ಒಮ್ಮೆ ನೋಡಿ, ಟೇಬಲ್ಲನ್ನು ಮೂರು ಸಲ ತಟ್ಟಿ, ಸೊನ್ನೆ ಒತ್ತಿದರು. "ಮೈ ಇಧರೀಚ್ ಹೂಂ. ಮೈ ಇಧರೀಚ್ ಹೂಂ." ಆಕೆ ಗೋಡೆ ಹಿಡಿದು ಹೊರಗೆ ಬಂದು, "ಏಕ್ ಬಾರ್ ಬೋಲೇ ತೋ ಬಸ್ ಹೈ ಜೀ," ಎಂದು ಗದರಿದರು. ಒಂದು ಸಲ ಹೇಳಿದರೆ ಸಾಕು. ಮದುವೆಯಾದಾಗಿನಿಂದ ಆಕೆ ಹೇಳುತ್ತಾ ಬಂದ ಮಾತಂತೆ ಅದು. ರಹೀಮಣ್ಣನ ಹೆಗಲು ಕುಲುಕಿತು, ನಗುವಿಗೆ ಸದ್ದಿರಲಿಲ್ಲ. ಆ ದಿನ ಅವರ ಮನೆಯಲ್ಲಿ ಕುಡಿದ ಚಹಾದಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ.

ಅದು ಬಹಳ ಕಾಲ ನಡೆಯಲಿಲ್ಲ. ಕಂಪ್ಯೂಟರ್ ತನ್ನಷ್ಟಕ್ಕೆ ಏನನ್ನೋ ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದಾಗ ಕರೆಂಟ್ ಹೋಯಿತು. ಮತ್ತೆ ಹಚ್ಚಿದರೆ ಕಪ್ಪು ಪರದೆ, ಬಿಳಿ ಅಕ್ಷರ, ಲಿನಕ್ಸ್ ಮಾತ್ರ ತೆರೆಯದು. ಯಾರ ಕೈಲಾದರೂ ನನಗೆ ಫೋನ್ ಮಾಡಿಸಬಹುದಿತ್ತು, ಆದರೆ ಮಾಡಿಸುವ ಪೈಕಿಯವರಲ್ಲ ಅವರು. ತಾವೇ ಕಲಿತ ಕೆಲಸ, ಲಿನಕ್ಸ್ ತುಂಬಿದ ಪೆನ್‌ಡ್ರೈವೂ ಕೈಯಲ್ಲಿತ್ತು. ಹೊಸದಾಗಿ ಲಿನಕ್ಸ್ ಹಾಕಲು ಕೂತರು. ಡಿಸ್ಕನ್ನು ಪೂರ್ತಿ ಅಳಿಸಿ ಹಾಕಲೇ ಎಂದು ಅದು ಕೇಳಿತು. ಹೂಂ ಎಂದು ಒತ್ತಿದರು.

ಮರುದಿನ ಬೆಳಿಗ್ಗೆ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಕೌಂಟರಿನ ಮೇಲಿಟ್ಟು, ಚೀಲದಿಂದ ಸ್ಲೇಟು ತೆಗೆದು ಬರೆದರು: "ಟ್ಯಾಬ್ ಮುರಿದಿದ್ದು ಬಿಟ್ಟು ಮಿಕ್ಕಿದ್ದು ಅಳಿಸುತ್ತೆ ಅಂದ್ಕೊಂಡೆ." ಅದನ್ನೇ ಕೆಳಗೆ ಇನ್ನೊಂದು ಸಲ ಬರೆದರು. ಕಾಪಿ ಮಾಡಿಕೊಂಡಿರಲೇ ಇಲ್ಲ. ನನಗೆ ಸಿಟ್ಟು ಬಂತು. ಅವರ ಮೇಲೋ, ಆ ಬೀಗದ ಗುರುತಿನ ಮೇಲೋ, ಅಷ್ಟು ದೊಡ್ಡ ಪ್ರಶ್ನೆಯನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಕೇಳುವ ಯಂತ್ರದ ಮೇಲೋ ಗೊತ್ತಿಲ್ಲ. ಡಿಸ್ಕ್ ಬಿಚ್ಚಿದೆ.

ಅಳಿಸಿದ್ದನ್ನು ಹೆಕ್ಕಿ ತೆಗೆಯುವ ಉಪಾಯಗಳಿವೆ. ನನಗೆ ಗೊತ್ತಿದ್ದ ಎಲ್ಲವನ್ನೂ ಮಾಡಿದೆ, ಗೊತ್ತಿಲ್ಲದ್ದನ್ನು ಬೆಂಗಳೂರಿನ ಗೆಳೆಯರನ್ನು ಕೇಳಿ ಮಾಡಿದೆ. ಹಳೆಯದರ ಮೇಲೆ ಹೊಸದು ಕೂತುಬಿಟ್ಟಿತ್ತು. ಬರೀ ಗರಗರ, ಚೂರುಪಾರು. ಕೇಳುವ ಹಾಗೆ ಸಿಕ್ಕಿದ್ದು ಒಂದೇ ತುಣುಕು: ಟಕ್ ಟಕ್ ಟಕ್, ಆಮೇಲೆ ಉಸಿರೆಳೆದುಕೊಂಡ ಸದ್ದು. ಮಾತು ಶುರುವಾಗುವಲ್ಲಿಗೆ ತುಂಡು. ರಹೀಮಣ್ಣ ಅದನ್ನು ಹೆಡ್‌ಫೋನಿನಲ್ಲಿ ಕೇಳಿ, ಸ್ಲೇಟಿನಲ್ಲಿ "ಮೈಕ್ ಟೆಸ್ಟಿಂಗ್ ಮಾತ್ರ ಸಿಕ್ಕಿದೆ" ಎಂದು ಬರೆದು ನನ್ನ ಮುಂದೆ ಹಿಡಿದರು. ತಮಾಷೆಗೆ ಬರೆದದ್ದು ಎಂದು ತಿಳಿದೂ ನನಗೆ ನಗಲಾಗಲಿಲ್ಲ.

ಲಿನಕ್ಸಿಗೆ ತನ್ನದೇ ಒಂದು ದನಿಯೂ ಇದೆ, ಬರೆದದ್ದನ್ನು ಓದಿ ಹೇಳುತ್ತದೆ. ಆಗಿದ್ದಾಗಲಿ ಎಂದು ಅವರ ಮನೆಗೆ ಹೋಗಿ ಅದನ್ನು ಕೂರಿಸಿಕೊಟ್ಟೆ. ರಹೀಮಣ್ಣ ಕನ್ನಡ ಅಕ್ಷರದಲ್ಲಿ ದಖ್ಖನಿ ಮಾತು ಟೈಪ್ ಮಾಡಿ ಒತ್ತಿದರು. ತಗಡಿನ ಡಬ್ಬದೊಳಗಿಂದ ಬಂದಂಥ ಗಂಡು ದನಿ, ಏರಿಲ್ಲ ಇಳಿವಿಲ್ಲ, "ಮೈ ಇಧರೀಚ್ ಹೂಂ" ಎಂದಿತು. ಜೈತೂನ್‌ಬಿ ತಟ್ಟನೆ ಸೆರಗನ್ನು ತಲೆಯ ಮೇಲೆಳೆದುಕೊಂಡು ಗೋಡೆ ಕಡೆ ಮುಖ ತಿರುಗಿಸಿ, "ಕೌನ್ ಆಯೇ ಜೀ ಘರ್ ಮೇ?" ಎಂದರು. ಮನೆಗೆ ಯಾರು ಬಂದರು? ಪರಗಂಡಸಿನ ಎದುರು ಮಾಡುವಂತೆ ಮಾಡಿದ್ದರು. ರಹೀಮಣ್ಣ ಮೆಲ್ಲಗೆ ಬಗ್ಗಿ ಪ್ಲಗ್ಗನ್ನೇ ಕಿತ್ತರು. ಮತ್ತೆ ಆ ಕಂಪ್ಯೂಟರನ್ನು ಅವರು ಹಚ್ಚಲಿಲ್ಲ.

ಕೊನೆಯ ಸಲ ಅವರನ್ನು ನೋಡಿದಾಗ ಗಡ್ಡೆ ಮತ್ತೆ ಬಂದು ಮಂಚ ಹಿಡಿದಿದ್ದರು. ಜೈತೂನ್‌ಬಿ ಪಕ್ಕದಲ್ಲಿ ಕೂತಿದ್ದರು. ನಡುನಡುವೆ "ಹೈ ಕ್ಯಾ ಜೀ?" ಎಂದು ಆಕೆ ಕೇಳುವುದು, ಇವರು ಮಂಚದ ಕಬ್ಬಿಣದ ಕಂಬಿಯನ್ನು ಮೂರು ಸಲ ತಟ್ಟುವುದು. ತಟ್ಟಿದ ಮೇಲೆ ಆಕೆ ಅಭ್ಯಾಸಬಲದಿಂದ ಮುಖವೆತ್ತಿ ಕಾಯುತ್ತಿದ್ದರು. ಏನೂ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಾವೇ ತಲೆ ತಗ್ಗಿಸುತ್ತಿದ್ದರು. ನನಗೆ ಅಲ್ಲಿ ಕೂರಲಾಗಲಿಲ್ಲ, ಬೇಗ ಎದ್ದು ಬಂದೆ.

ತೀರಿಕೊಂಡ ಸುದ್ದಿಯನ್ನು ಪಕ್ಕದ ಮನೆಯವರು ಫೋನ್ ಮಾಡಿ ತಿಳಿಸಿದರು. ಸಿಕ್ಕ ಬಸ್ಸಿನಲ್ಲಿ ಹೋದೆ. ಮನೆಯ ತುಂಬ ಹೆಂಗಸರು, ಅಳು, ಮಾತು. ನಾನು ಬಾಗಿಲ ಹೊರಗೆ ನಿಂತಿದ್ದೆ. ಆಗ ಮಸೀದಿಯ ಮೈಕಿನಲ್ಲಿ ರಹೀಮಣ್ಣನ ಹೆಸರು ಕೇಳಿಸಿತು. ಯಾವುದೋ ಎಳೆಯ ದನಿ, ತಟ್ಟಲಿಲ್ಲ, ತಡೆಯಲಿಲ್ಲ. ಅಬ್ದುಲ್ ರಹೀಮ್ ತೀರಿಕೊಂಡಿದ್ದಾರೆ, ಸಂಜೆ ನಮಾಜಿನ ನಂತರ ಮಣ್ಣು ಎಂದು ಗಡಿಬಿಡಿಯಲ್ಲಿ ಹೇಳಿ ಮುಗಿಸಿತು.

ಜೈತೂನ್‌ಬಿ ಕೈಯೆತ್ತಿ ಸುತ್ತಲಿದ್ದವರನ್ನು ಸುಮ್ಮನಿರಿಸಿದರು. ಎಲ್ಲರೂ ಅಳು ನಿಲ್ಲಿಸಿದರು.

"ಠೈರೋ," ಎಂದರು ಆಕೆ. "ತಡೀರಿ. ಇನ್ನೊಂದ್ಸಲ ಹೇಳ್ತಾರೆ."

ಎತ್ತಿದ ಕೈ ಹಾಗೇ ಇತ್ತು. ಮಸೀದಿಯ ಮೈಕ್ ಆರಿಸಿದ ಸದ್ದು ನಮಗೆಲ್ಲ ಕೇಳಿಸಿತ್ತು, ಆದರೆ ಆಕೆಗೆ ಅದನ್ನು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.