ಕೂಗದ ಕಂಡಕ್ಟರು

ನಿನ್ನೆ ಆಲೂರಿನ ದಿನಸಿ ಅಂಗಡಿಯಲ್ಲಿ ಯಾರೋ ಜೇಷ್ಠಮಧು ಕೇಳಿದರು. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ನಾನು ತೊಗರಿಬೇಳೆಯನ್ನು ಮರೆತು ನಿಂತುಬಿಟ್ಟೆ. ಆ ವಾಸನೆ ನನ್ನ ಮೂಗಿಗೆ ಔಷಧಿಯದಲ್ಲ, ಬಸ್ಸಿನದು. ಸರಿಯಾಗಿ ಹೇಳಬೇಕೆಂದರೆ, ಆಲೂರಿನಿಂದ ಸಕಲೇಶಪುರ ಹಾದು ಮಾರನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್ ರುದ್ರಣ್ಣನದು. ನಮ್ಮ ಪಕ್ಕದ ಮನೆಯವರು.

ರುದ್ರಣ್ಣನ ಹಳೆಯ ದನಿಯನ್ನು ನೀವು ಕೇಳಬೇಕಿತ್ತು. ಅವರು 'ರೈಟ್' ಅಂದರೆ ಬಸ್ ಸ್ಟ್ಯಾಂಡಿನಲ್ಲಿ ಮಲಗಿದ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ನಾಯಿಗಳು ನಿಜವಾಗಿ ಎದ್ದಿದ್ದವೇ ಎಂದು ಕೇಳಬೇಡಿ. ನನ್ನ ಡೈರಿಯಲ್ಲಿ ನಾಯಿಗಳ ಉಲ್ಲೇಖವಿಲ್ಲ. ನೆನಪು ನನಗೆ ಇಂಥ ಸಣ್ಣಪುಟ್ಟ ಉಡುಗೊರೆ ಕೊಡುತ್ತಲೇ ಇರುತ್ತದೆ, ನಾನು ಅನುಮಾನಿಸುತ್ತಲೇ ಇಟ್ಟುಕೊಳ್ಳುತ್ತೇನೆ.

ಆಮೇಲೆ ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಚಿಕಿತ್ಸೆಯಿಂದ ಕಾಯಿಲೆ ಹೋಯಿತು, ಜೊತೆಗೆ ದನಿಯೂ ಹೋಯಿತು. ಉಳಿದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಸೋರುವಂಥ ಸದ್ದು. ಡಾಕ್ಟರು, "ಕೆಲಸ ಮಾಡಬಹುದು, ಕೂಗಬಾರದು" ಅಂದರು. ಬಸ್ಸಿನ ಓನರ್ ಒಳ್ಳೆಯ ಮನುಷ್ಯ. ಕಾಫಿ ಗೋಡೌನಿನಲ್ಲಿ ಕೂತುಕೊಳ್ಳುವ ಕೆಲಸ ಇದೆ, ಸಂಬಳ ಅದೇ, ಈ ತಿಂಗಳು ಮುಗಿಯುವುದರೊಳಗೆ ಒಪ್ಪಿಕೊ, ಬಸ್ಸಿಗೆ ಬೇರೆಯವರನ್ನು ಕಾಯಂ ಮಾಡುತ್ತೇನೆ ಅಂದರು. ಬೀದಿಯೆಲ್ಲ ರುದ್ರಣ್ಣನ ಅದೃಷ್ಟವನ್ನು ಹೊಗಳಿತು. ಅವರ ಹೆಂಡತಿ ಗೌರಕ್ಕ ಮಾತ್ರ ನಮ್ಮ ಅಡುಗೆಮನೆಗೆ ಬಂದು, "ಜಗಲಿ ಮೇಲೆ ಕೂತ್ಕಂಡು ಹೋಗೋ ಬರೋ ಬಸ್ಗೆಲ್ಲಾ ಟೈಮ್ ನೋಡ್ತಾರೆ ಕಣಮ್ಮ. ಲೇಟಾದ್ರೆ ನನ್ ಮೇಲೆ ರೇಗ್ತಾರೆ. ಗೋಡೌನಿಗೆ ಹಾಕಿದ್ರೆ ಈ ಮನುಷ್ಯ ಬದ್ಕಲ್ಲ" ಅಂದರು.

ಆಸ್ಪತ್ರೆಯ ನರ್ಸ್ ಒಬ್ಬರು ರುದ್ರಣ್ಣನ ಫೋನಿಗೆ ಒಂದು ವೆಬ್‌ಸೈಟಿನ ಲಿಂಕ್ ಕಳಿಸಿದ್ದರು. ಕ್ಯಾನ್ಸರಿನಿಂದ ಗುಣವಾದವರು ಮತ್ತೆ ಕೆಲಸಕ್ಕೆ ಹೋಗಲು ನೆರವಾಗುವಂಥದು. ಇಂಗ್ಲಿಷಿನಲ್ಲಿತ್ತು. ಎಂ.ಎ. ಮಾಡಿದ್ದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತೆಂದು ನಾನು ಓದಿ ಹೇಳಲು ಕೂತೆ.

"ನಿಮ್ಮ ಕುರ್ಚಿ ಬೆನ್ನಿಗೆ ಆಸರೆ ಕೊಡುತ್ತದೆಯೇ?"

"ಕುರ್ಚಿ ಎಲ್ಲೈತೆ ಮೇಡಂ? ನಾನ್ ಕೂತಿದ್ದನ್ನ ನೀವ್ ಯಾವತ್ತಾದ್ರೂ ನೋಡಿದೀರಾ?"

"ಮೊದಲ ವಾರಗಳಲ್ಲಿ ಅರ್ಧ ದಿನ ಮಾತ್ರ ಕೆಲಸ ಮಾಡಬಹುದೇ?"

"ಮಾಡ್ಬೋದು. ಘಾಟಿ ಮೇಲೆ ಬಸ್ ಬುಟ್ಟು ನಾನು ಮನೆಗ್ ಬಂದ್ಬುಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಆದರೂ ಆ ವೆಬ್‌ಸೈಟಿಗೆ ತಾಳ್ಮೆ ಇತ್ತು. ನಿಮ್ಮ ಕೆಲಸವನ್ನು ಬಿಡಿಬಿಡಿಯಾಗಿ ಹೇಳಿ, ಯಾವುದು ಈಗಲೂ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಗುರುತು ಹಾಕಿ ಅಂದಿತು. ಟಿಕೆಟ್ ಕೊಡುವುದು, ಆಗುತ್ತದೆ. ಚಿಲ್ಲರೆ ಕೊಡುವುದು, ಆಗುತ್ತದೆ. "ಅದು ಮೊದ್ಲೂ ಕೊಡ್ತಿರ್ಲಿಲ್ವಲ್ರೀ" ಎಂದು ಗೌರಕ್ಕ ಚುಚ್ಚಿದರು. ಸೀಟಿ ಊದುವುದು, ಆಗುತ್ತದೆ. ಮುದುಕರ ಗಂಟು ಇಳಿಸಿಕೊಡುವುದು, ಆಗುತ್ತದೆ. ಕೊನೆಗೆ ಒಂದೇ ಉಳಿಯಿತು. ಕೂಗುವುದು.

"ಕೂಗೋದು ನಿಮ್ ಕೆಲ್ಸ ಅಲ್ಲ ಕಣ್ರೀ," ಅಂದರು ಗೌರಕ್ಕ. "ಅದು ನಿಮ್ ಚಟ."

ರುದ್ರಣ್ಣ ಗಂಟಲಿಗೆಂದು ಸದಾ ದವಡೆಯಲ್ಲಿಟ್ಟುಕೊಳ್ಳುತ್ತಿದ್ದ ಜೇಷ್ಠಮಧುವನ್ನು ಈ ಕಡೆಯಿಂದ ಆ ಕಡೆಗೆ ಸರಿಸಿದರು.

ಮೇಲಿನವರ ಹತ್ತಿರ ಮಾತಾಡುವ ಮುಂಚೆ ಯಾರ ಜೊತೆಗಾದರೂ ಅಭ್ಯಾಸ ಮಾಡಿ ಎಂಬ ಸಲಹೆಯೂ ಅದರಲ್ಲಿತ್ತು. ನಾನು ಓನರ್ ಆದೆ. ಕಾಲ ಮೇಲೆ ಕಾಲು ಹಾಕಿ, "ದನಿ ಇಲ್ದೆ ಹೆಂಗಯ್ಯ ಮಾಡ್ತೀಯ?" ಅಂದೆ. ರುದ್ರಣ್ಣ ಎದ್ದು ನಿಂತು ಕೈಕಟ್ಟಿಕೊಂಡು, "ಬಸ್ಸು ಓಡೋದು ಡೀಸೆಲ್‌ನಾಗೆ ಅಲ್ವರಾ?" ಅಂದರು. ಓನರ್ ಪಾತ್ರದಲ್ಲಿದ್ದ ನಾನು ಮೇಲಿನ ಕಾಲು ಕೆಳಗಿಳಿಸಿದೆ. ನಿಜವಾದ ಓನರ್ ಅದೇ ಮಾತು ಕೇಳಿ ಕ್ಯಾಲೆಂಡರ್ ನೋಡಿದರಂತೆ. "ಒಂದ್ ವಾರ ನೋಡಾಣ. ಜನ ದೂರು ಹೇಳಿದ್ರೆ ಗೋಡೌನು" ಅಂದರಂತೆ.

ಮೊದಲ ದಿನ ನಾನು ಸಕಲೇಶಪುರದ ನನ್ನ ಕಚೇರಿಗೆ ರಜೆ ಹಾಕಿ ಕೊನೆಯ ಸ್ಟಾಪಿನವರೆಗೂ ಟಿಕೆಟ್ ತೆಗೆದುಕೊಂಡೆ. ಧೈರ್ಯ ಕೊಡಲು ಅಂತ ಹೇಳಿಕೊಂಡೆ, ಕುತೂಹಲವೇ ಹೆಚ್ಚಿತ್ತೇನೋ. ರುದ್ರಣ್ಣ ಮೆಲ್ಲಗೆ, "ಎಲ್ಲಿಗೆ?" ಎಂದು ಕೇಳಿದರು. ಹೆಂಗಸೊಬ್ಬಳು ಅಷ್ಟೇ ಮೆಲ್ಲಗೆ, "ಬಾಳ್ಳುಪೇಟೆ" ಅಂದಳು. ಅವಳ ಪಕ್ಕದವರೂ ಪಿಸುಗುಟ್ಟಿದರು. ನೋಡನೋಡುತ್ತ ಇಡೀ ಬಸ್ಸು ಪಿಸುಗುಟ್ಟತೊಡಗಿತು. ಸಂತೆಯಂತಿರುತ್ತಿದ್ದ ಬಸ್ಸು ಮಗು ಮಲಗಿದ ಮನೆಯಂತಾಯಿತು. ನಾನೂ ಪಿಸುದನಿಯಲ್ಲೇ ಕಿಟಕಿ ಹಾಕಲು ಹೇಳಿದೆ. ಯಾರೂ ಹಾಕಲಿಲ್ಲ.

ಎಸ್ಟೇಟ್ ಕೆಲಸಕ್ಕೆ ಹೋಗುವ ತಾಯಮ್ಮ ಹೆಗ್ಗದ್ದೆಯಲ್ಲಿ ಇಳಿಯಬೇಕಿತ್ತು. ರುದ್ರಣ್ಣ "ಹೆಗ್ಗದ್ದೆ" ಅಂದದ್ದು ಇಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಸ್ಟಾಪು ದಾಟಿದ್ದು ಗೊತ್ತಾಗಿ ತಾಯಮ್ಮ, "ನಿಲ್ಸಿ, ನಿಲ್ಸಿ" ಎಂದು ಪಿಸುಗುಟ್ಟಿದಳು. ಯಾರಿಗೂ ಕೇಳಿಸಲಿಲ್ಲ. ರುದ್ರಣ್ಣನ ಮುಖ ನೋಡಿದೆ. ಇದು ಓನರ್ ಕಿವಿಗೆ ಬಿದ್ದರೆ ಮುಗಿಯಿತು. ಅಷ್ಟರಲ್ಲಿ ತಾಯಮ್ಮ ಸೊಂಟಕ್ಕೆ ಕೈಕೊಟ್ಟು ಎದ್ದಳು.

"ಹೋಲ್ಡಾನ್!"

ಡ್ರೈವರ್ ಬ್ರೇಕ್ ಒತ್ತಿದ ರಭಸಕ್ಕೆ ನಾನು ಮುಂದಿನ ಸೀಟಿನವರ ಬೆನ್ನಿಗೆ ಹಣೆ ಕೊಟ್ಟೆ.

"ಅಲ್ಲ ಕಣ್ರಪ್ಪ, ಗಂಟ್ಲು ಹೋಗಿರೋದು ರುದ್ರಣ್ಣಂಗೆ. ನಮಗೇನ್ ಬಂದೈತೆ ರೋಗ?"

ಮೊದಲು ನಕ್ಕದ್ದು ರುದ್ರಣ್ಣ. ಸದ್ದಿಲ್ಲದೆ, ಭುಜ ಕುಣಿಸಿಕೊಂಡು. ಆಮೇಲೆ ಬಸ್ಸೆಲ್ಲ ನಕ್ಕಿತು. ತಾಯಮ್ಮ ಹೇಳಿದ್ದು ಇದೇ ಮಾತೋ, ನಾನೇ ಅವಳ ಬಾಯಿಗೆ ಹಾಕಿದೆನೋ ಎಂಬ ಅನುಮಾನ ಬಂದು ಈಚೆಗೆ ರುದ್ರಣ್ಣನನ್ನೇ ಕೇಳಿದೆ. "ಇನ್ನೂ ಕೆಟ್ಟದಾಗ್ ಬೈದ್ಲು ಮೇಡಂ. ನೀವು ಇಷ್ಟೇ ಇಟ್ಕಳಿ" ಅಂದರು.

ಆ ವಾರ ದೂರು ಹೋಗಲಿಲ್ಲ, ರುದ್ರಣ್ಣ ಬಸ್ಸಿನಲ್ಲೇ ಉಳಿದರು. ಈಗ ಸ್ಟಾಪು ಬಂದರೆ ಮುಂದಿನ ಸೀಟಿನವರು ಕೂಗುತ್ತಾರೆ, ಹಿಂದಿನವರು ಅದನ್ನು ತಿದ್ದುತ್ತಾರೆ, ಜಗಳವಾದರೆ ರುದ್ರಣ್ಣ ಸೀಟಿ ಊದಿ ತೀರ್ಪು ಕೊಡುತ್ತಾರೆ. ಸಹೋದ್ಯೋಗಿಗಳ ಸಹಕಾರ ಇದೆಯೇ ಎಂದು ವೆಬ್‌ಸೈಟು ಕೇಳಿದಾಗ ನಾವು 'ಡ್ರೈವರ್ ಒಬ್ಬರೇ' ಎಂದು ಬರೆದಿದ್ದೆವು. ನಮ್ಮ ಲೆಕ್ಕ ತಪ್ಪಿತ್ತು.

ಇವತ್ತು ಬೆಳಿಗ್ಗೆ ಬಾಳ್ಳುಪೇಟೆ ಹತ್ತಿರ ಬಂತು. ಅಲ್ಲಿಳಿಯಬೇಕಾದ ಅಜ್ಜ ನನ್ನ ಪಕ್ಕದಲ್ಲಿ ನಿದ್ದೆ ಹೋಗಿದ್ದರು. ಮುಂದಿನವರು ಫೋನಿನಲ್ಲಿ ಮುಳುಗಿದ್ದರು. ಸಭೆಯಲ್ಲಿ ನನ್ನ ಹೆಸರು ಕರೆದರೂ ಎದ್ದು ಮಾತಾಡಲು ಹಿಂಜರಿಯುವ ನಾನು ಕಂಬಿ ಹಿಡಿದು ಎದ್ದೆ.

"ಬಾಳ್ಳುಪೇಟೆ! ಹೋಲ್ಡಾನ್!"

ರುದ್ರಣ್ಣ ಬಾಗಿಲ ಬಳಿಯಿಂದ ತಿರುಗಿ ನೋಡಿದರು. ಕೈ ಸನ್ನೆ ಮಾಡಿ, ತುಟಿಯಲ್ಲೇ ಅಂದರು: "ಇನ್ನೊಂಚೂರ್ ಜೋರಾಗಿ, ಮೇಡಂ."