ಮಸಿ ಉಜ್ಜಿ ತಂದ ಹಂಡೆ

ನಮ್ಮ ಮನೆಗೆ ಮೊಮ್ಮಗಳು ಬಂದಿದ್ದಾಳೆ. ಹೆರಿಗೆಗೆ ಅಂತ ತವರಿಗೆ ಬಂದಿದ್ದ ಮಗಳು ಮೊನ್ನೆ ಆಸ್ಪತ್ರೆಯಿಂದ ಕೂಸನ್ನು ಎತ್ತಿಕೊಂಡು ಹೊಸ್ತಿಲು ದಾಟಿದಳು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಲಿನವನಿಗೆ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರಿಗೂ ಹೇಳಿದೆ. ನಾನು ಕೆಲಸ ಮಾಡುವ ಪಾತ್ರೆ ಅಂಗಡಿಗೆ ಕೊಡ ಕೊಳ್ಳಲು ಬಂದ ಹೆಂಗಸಿಗೆ ಕೊಡದ ಬೆಲೆಗಿಂತ ಮೊದಲು ಮೊಮ್ಮಗಳ ಸುದ್ದಿ ಹೇಳಿದೆ. ಮನೆಯಲ್ಲಿ ಮಾತ್ರ ನನ್ನ ಹೆಂಡತಿ ಕೋಣೆಯ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ.

"ಅಂಗೆ ಕಣ್ಣು ಬುಟ್ಕೊಂಡು ನೋಡ್ಬ್ಯಾಡಿ. ಮನೇರ ದಿಷ್ಟಿನೇ ಮೊದ್ಲು ತಗಲಾದು. ಆ ಕಡೆ ನೋಡಿ."

ಆ ಕಡೆ ಅಂದರೆ ಎಲ್ಲಿ ನೋಡಲಿ? ಜೋಲಿಯ ಮೇಲುಗಡೆ ನೋಡುತ್ತೇನೆ. ಹಳೆಯ ಸೀರೆಯ ಎರಡು ತುದಿಗಳನ್ನು ಎರಡು ಕಬ್ಬಿಣದ ಬಳೆಗಳಿಗೆ ಕಟ್ಟಿ, ಆ ಬಳೆಗಳನ್ನು ಹಗ್ಗದಲ್ಲಿ ಸೂರಿನ ಕೊಕ್ಕೆಗೆ ಬಿಗಿದಿದೆ. ಬಳೆಗಳು ತೇದು ನುಣ್ಣಗಾಗಿವೆ. ಅವು ಒಂದು ತಾಮ್ರದ ಹಂಡೆಯ ಹಿಡಿಬಳೆಗಳು. ಹಂಡೆ ಈಗಿಲ್ಲ. ಅದನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದವನು ನಾನೇ.

ನಾನು ಓದಿದ್ದು ಮೂರನೇ ಕ್ಲಾಸು. ಬರೆದದ್ದು ಬೇಕಾದಷ್ಟಿದೆ, ಆದರೆ ಎಲ್ಲ ಪಾತ್ರೆಗಳ ಮೇಲೆ, ಒಂದೊಂದೇ ಸಾಲು. ಕಾಗದದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಮಗುವನ್ನು ನೋಡುವುದಕ್ಕೆ ಬಿಡದೆ ಹೋದದ್ದರಿಂದ ಬರೆಯುತ್ತಿದ್ದೇನೆ ಅಂತಲೇ ತಿಳಿದುಕೊಳ್ಳಿ.

ತೊಂಬತ್ತರ ನಂತರದ ಮಾತು. ನಮ್ಮದು ನಾಗಮಂಗಲದ ಕಡೆಯ ಹಳ್ಳಿ. ರಾಗಿ, ಹುರುಳಿ ಬೆಳೆಯುವ ಬೆದ್ದಲು. ಅಪ್ಪ ತೀರಿಕೊಂಡ ಮೇಲೆ ಹೊಲವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದರು. ಇಬ್ಬರು ಗಂಡಸರಿಗೆ ಆಗುವಷ್ಟು ಕೆಲಸ ಅದರಲ್ಲಿ ಇರಲಿಲ್ಲ. ಶ್ರೀರಂಗಪಟ್ಟಣದ ಪೇಟೆ ಬೀದಿಯ ಪಾತ್ರೆ ಅಂಗಡಿಗೆ ಒಬ್ಬ ಆಳು ಬೇಕಂತೆ ಅಂತ ಯಾರೋ ಹೇಳಿದರು. ಮದುವೆಯಾಗಿ ಹೊಸದು. ಒಂದು ಟ್ರಂಕು, ಒಂದು ಚಾಪೆ ಹಿಡಿದು ಗಂಡ ಹೆಂಡತಿ ಬಂದೆವು. ಕೋಟೆಗೋಡೆಯ ಪಕ್ಕದ ವಠಾರದಲ್ಲಿ ಒಂದು ರೂಮು ಸಿಕ್ಕಿತು.

ಊರು ಒಗ್ಗಲು ದಿನ ಹಿಡಿಯಿತು. ನಮ್ಮೂರಲ್ಲಿ ಯಾರಾದರೂ ಎದುರಾದರೆ "ಎತ್ಲಾಗೆ?" ಅಂತ ಕೇಳದೆ ಹೋದರೆ ಸೊಕ್ಕು ಅನ್ನುತ್ತಾರೆ. ಇಲ್ಲಿ ಹಾಗೆ ಕೇಳಿದ್ದಕ್ಕೆ ಒಬ್ಬರು ಜೇಬು ಮುಟ್ಟಿ ನೋಡಿಕೊಂಡರು. ನನ್ನ ಹೆಂಡತಿಯ ಕಷ್ಟ ಬೇರೆ. ಅವಳು ಕೆ.ಆರ್. ಪೇಟೆ ಕಡೆಯವಳು, ತಾಯಿ ಇಲ್ಲದ ಹುಡುಗಿ, ಸೋದರಮಾವನ ಮನೆಯಲ್ಲಿ ಬೆಳೆದವಳು. ದಿನಾ ಸಾಯಂಕಾಲ ಹೊಳೆಯ ಮೆಟ್ಟಿಲ ಮೇಲೆ ಒಬ್ಬಳೇ ಹೋಗಿ ಕೂರುತ್ತಿದ್ದಳು. "ಇಷ್ಟೊಂದು ನೀರು ಯಾರ್ಗೂ ಬ್ಯಾಡ್ದಂಗೆ ಓಯ್ತಾ ಅದಲ್ಲ" ಅಂತ ಬಂದು ಹೇಳುವಳು. ಮಾತಾಡಲು ಅವಳಿಗೆ ಬೇರೆ ಯಾರಿದ್ದರು?

ಅಂಗಡಿಯ ಮುಂದುಗಡೆ ಟ್ಯೂಬ್‌ಲೈಟಿನ ಕೆಳಗೆ ಸ್ಟೀಲು ಪಾತ್ರೆಗಳು ಕಣ್ಣು ಕುಕ್ಕುತ್ತಿದ್ದವು. ನನ್ನ ಜಾಗ ಅಲ್ಲಿರಲಿಲ್ಲ, ಹಿಂದಿನ ಅಂಗಳದಲ್ಲಿತ್ತು. ಆಗ ಹಳ್ಳಿ ಹಳ್ಳಿಯಿಂದ ಜನ ತಾಮ್ರ, ಹಿತ್ತಾಳೆ ತಂದು ತೂಕಕ್ಕೆ ಹಾಕಿ ಸ್ಟೀಲು ಒಯ್ಯುತ್ತಿದ್ದರು. ಹಾಗೆ ಬಂದದ್ದನ್ನು ತಂದವರ ಕಣ್ಣೆದುರಿಗೇ ಬಡಿದು ಚಪ್ಪಟೆ ಮಾಡಬೇಕು. ಹೊಸ ಆಳಿಗೆ ಅದೇ ಕೆಲಸ. ಮೊದಲ ದಿನ ಯಾಕೆ ಅಂತ ಕೇಳಿದೆ. ಯಜಮಾನರು ಒಳ್ಳೆಯವರೇ, ತಾಳ್ಮೆಯಿಂದ ಹೇಳಿದರು: "ಹಂಗೇ ಇಟ್ರೆ ನಾಳೆ ಬಂದು ವಾಪಸ್ಸು ಕೊಡಿ ಅಂತ ಅಳ್ತಾರಪ್ಪ. ಬಡಿದ ಮೇಲೆ ಅದು ಪಾತ್ರೆ ಅಲ್ಲ, ಬರೀ ತಾಮ್ರ."

ಬಾಗಿಲ ಪಕ್ಕ ಒಬ್ಬರು ವಯಸ್ಸಾದ ಸಾಬರು ಕೂರುತ್ತಿದ್ದರು. ಸಣ್ಣ ಉಳಿ, ಸಣ್ಣ ಸುತ್ತಿಗೆ ಹಿಡಿದು ಹೊಸ ಪಾತ್ರೆಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಬರೆಯುವುದು ಅವರ ಕೆಲಸ. ಊರಿನಲ್ಲಿ ನನ್ನ ಹೆಸರು ಹಿಡಿದು ಕರೆದ ಮೊದಲನೆಯವರು ಅವರೇ. ಊಟದ ಹೊತ್ತಿನಲ್ಲಿ ಹರಿದ ತಗಡು ಕೊಟ್ಟು ನನಗೂ ಅಕ್ಷರ ಚುಚ್ಚುವುದು ಕಲಿಸಿದರು. ಅಂಗಡಿಯ ಮಾತನ್ನೂ ಅವರೇ ಕಲಿಸಿದರು. ಬಂದವರಿಗೆ "ಬನ್ನಿ, ಬನ್ನಿ" ಅನ್ನಬೇಕು, ಕೊಂಡರೂ ಕೊಳ್ಳದಿದ್ದರೂ "ಹೋಗ್ಬನ್ನಿ" ಅನ್ನಬೇಕು. ಒಂದು ಕಡೆ ಮಾತ್ರ ಅನ್ನಬಾರದು. ಈ ಊರಿನ ಹೊಳೆಗೆ ಎಲ್ಲೆಲ್ಲಿಂದಲೋ ಜನ ಬೂದಿ ಬಿಡಲು ಬರುತ್ತಾರೆ. ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲೇ ಬಂದು ದಾನಕ್ಕೆ ಅಂತ ಒಂದು ತಾಮ್ರದ ಚೊಂಬು ಕೊಳ್ಳುತ್ತಾರೆ.

"ಅವ್ರಿಗೆ ಬನ್ನಿ ಅನ್ಬೇಡ, ಹೋಗ್ಬನ್ನಿ ಅನ್ಬೇಡ ಬೇಟಾ," ಅಂದಿದ್ದರು ಸಾಬರು. "ಆ ಕೆಲ್ಸಕ್ಕೆ ಯಾರೂ ಎರಡ್ನೇ ಸಲ ಬರ್ಬಾರ್ದು. ಚೊಂಬು ಒರಸಿ ಕೈಗೆ ಕೊಡು, ಸುಮ್ನೆ ತಲೆ ಬಗ್ಸು."

ಅಷ್ಟರಲ್ಲಿ ನನ್ನ ಹೆಂಡತಿ ಬಸುರಿಯಾದಳು. ಸುದ್ದಿ ಕೇಳಿ ಅವ್ವ ಊರಿಂದ ರಾಗಿಹಿಟ್ಟು, ತುಪ್ಪ ಹೊತ್ತು ಬಂದಳು. ತಾಯಿ ಇಲ್ಲದವಳಿಗೆ ಬಾಣಂತನ ಯಾರು ಮಾಡುತ್ತಾರೆ ಅನ್ನುವುದು ನಮಗೆ ದೊಡ್ಡ ಚಿಂತೆಯಾಗಿತ್ತು. ಅವ್ವ ಅದನ್ನು ಒಂದೇ ಮಾತಿಗೆ ಮುಗಿಸಿದಳು.

"ನಾನಿಲ್ವೇನವ್ವ? ಊರ್ಗೆ ಬಂದ್ಬುಡು. ನಮ್ಮ ಅಂಡೆ ನೀರಲ್ಲಿ ನಾನೇ ಎರೀತೀನಿ. ಇವ್ನಿಗೂ ಅದ್ರಲ್ಲೇ ಎರೆದಿದ್ದು. ನೋಡು, ಕಂಬ ಆದಂಗೆ ಆಗವ್ನೆ. ಬುದ್ಧಿ ಬರ್ಲಿಲ್ಲ, ಅದು ನೀರಿನ ತಪ್ಪಲ್ಲ."

ಹೆಂಡತಿ ಈ ಊರಿಗೆ ಬಂದ ಮೇಲೆ ಬಾಯಿ ತುಂಬ ನಕ್ಕಿದ್ದು ಅವತ್ತೇ. ಆ ಹಂಡೆ ಅವ್ವನ ತವರಿನ ಬಳುವಳಿ. ಕತ್ತಿನಲ್ಲಿ ಅವ್ವನ ಅಪ್ಪನ ಹೆಸರು ಚುಚ್ಚಿತ್ತು. ಬಚ್ಚಲೊಲೆಯಲ್ಲಿ ಮಣ್ಣು ಮೆತ್ತಿ ಕೂರಿಸಿದ್ದನ್ನು ಯಾರೂ ಕದಲಿಸಿದ್ದಿಲ್ಲ. ನಾನು, ನನ್ನ ತಂಗಿ ಮಿಂದದ್ದು ಅದರ ನೀರು. ಅಪ್ಪನಿಗೆ ಕಡೆಯ ಸ್ನಾನಕ್ಕೆ ಕಾಯಿಸಿದ್ದೂ ಅದರಲ್ಲೇ.

ಕೆಲವು ತಿಂಗಳಿಗೆ ತಂಗಿಗೆ ಗಂಡು ಗೊತ್ತಾಯಿತು. ಗಂಡಿನವರು ಏನೂ ಕೇಳಲಿಲ್ಲ. ಆದರೆ ಆಗ ಮದುವೆ ಮನೆಯಲ್ಲಿ ಹೆಣ್ಣಿಗೆ ಕೊಡುವ ಪಾತ್ರೆಗಳನ್ನು ಸಾಲಾಗಿ ಜೋಡಿಸಿ ಇಡುತ್ತಿದ್ದರು, ಬಂದವರೆಲ್ಲ ಬಗ್ಗಿ ನೋಡುತ್ತಿದ್ದರು. ಅಲ್ಲಿ ಸ್ಟೀಲು ಇಲ್ಲದಿದ್ದರೆ ಹುಡುಗಿ ತಲೆ ಎತ್ತುವುದು ಹೇಗೆ?

ಒಂದು ಬೆಳಗ್ಗೆ ನಾನು ಅಂಗಳದಲ್ಲಿ ಹಿತ್ತಾಳೆ ಚೆರಿಗೆ ಬಡಿಯುತ್ತಿದ್ದೆ. ಮುಂದುಗಡೆ ಅವ್ವನ ದನಿ ಕೇಳಿಸಿತು.

"ಪಾಂಡವಪುರದಲ್ಲಿ ಬಸ್ಸು ಬದಲಾಯಿಸ್ದೆ ಕನ್ರಪ್ಪ. ಕಂಡಕ್ಟ್ರು ಅಂಡೆಗೂ ಟಿಕೀಟು ತಗೊ ಅಂದ. ಅದ್ಕೂ ಸೀಟು ಕೊಡು, ತಗೋತೀನಿ ಅಂದೆ. ಬಾಯಿ ಮುಚ್ಕೊಂಡ."

ಓಡಿ ಬಂದೆ. ಅಂಗಡಿಯ ನಡುವೆ ಒಂದು ಹಂಡೆ ಇತ್ತು. ನನಗೆ ಅದು ನಮ್ಮದು ಅಂತ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ನಾನು ನೋಡಿದ್ದು ಮಸಿ ಹಿಡಿದು ಕರ್ರಗಿದ್ದ ಹಂಡೆ. ಇದು ಕೆಂಪಗೆ, ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಅವ್ವ ಹುಣಸೇಹಣ್ಣು, ಬೂದಿ ಹಾಕಿ ಉಜ್ಜಿ ಉಜ್ಜಿ ತಂದಿದ್ದಳು. ಅವಳ ಬೆರಳುಗಳು ಸೀಳಿದ್ದವು. ಯಜಮಾನರು ನಗುತ್ತ, "ಮಸಿ ಇದ್ದಿದ್ರೆ ತೂಕ ಜಾಸ್ತಿ ಬರ್ತಿತ್ತಲ್ಲಮ್ಮ" ಅಂದರು.

"ಅದ್ಕೇಯ ಉಜ್ಜಿದ್ದು ಸೋಮಿ. ಮಗ ಇಲ್ಲಿ ಕೆಲ್ಸಕ್ಕವ್ನೆ. ಅವ್ನವ್ವ ಮಸಿ ತೂಗಿಸ್ಕೊಂಡು ಓದ್ಲು ಅಂತ ಯಾರೂ ಅನ್ಬಾರ್ದು."

ಅವ್ವನನ್ನು ಪಕ್ಕಕ್ಕೆ ಕರೆದೆ. "ಯಾಕವ್ವ ಇದನ್ನ ತಂದೆ? ಬಾಣಂತನಕ್ಕೆ ಏನ್ ಮಾಡ್ತೀಯ?"

"ಮತ್ತಿನ್ಯಾವುದ್ನ ತರ್ಲಿ, ಹೇಳ್ಲಾ? ಮನೇಲಿ ತೂಕ ಬರೋದು ಇದೊಂದೇಯ. ನಿನ್ ತಂಗಿ ನಿಂಗೇನೂ ಆಗ್ಬೇಕಿಲ್ವಾ?"

ಹಂಡೆಯನ್ನು ನಾನೇ ತಕ್ಕಡಿಯ ಹತ್ತಿರಕ್ಕೆ ಎಳೆದೆ.

ತೂಕಕ್ಕೆ ಹಾಕುವ ಮೊದಲು ಹಿಡಿಬಳೆ ಬಿಚ್ಚಿದರು. ಅವು ಕಬ್ಬಿಣ, ತಾಮ್ರದ ಜೊತೆ ತೂಗುವಂತಿಲ್ಲ. ಮೂಲೆಗೆ ಎಸೆದದ್ದನ್ನು ಅವ್ವ ಹೋಗಿ ಎತ್ತಿಕೊಂಡಳು. "ಇವು ನಿಮಗೆ ಬ್ಯಾಡ್ವಲ್ಲ? ಜೋಲಿ ಕಟ್ಟಕ್ಕೆ ಆಯ್ತವೆ" ಅಂತ ಸೆರಗಿಗೆ ಗಂಟು ಹಾಕಿಕೊಂಡಳು. ಕೊಳಗ, ತಟ್ಟೆ, ಲೋಟ, ಸೌಟು ಎಲ್ಲ ಆರಿಸಿದ ಮೇಲೆ ಸಾಬರ ಮುಂದೆ ಕೊಳಗ ಇಟ್ಟು, "ಅಂಡೆ ಕತ್ತಲ್ಲಿ ನಮ್ಮಪ್ಪನೆಸ್ರು ಅದೆ ಸಾಬ್ರೆ, ಅದನ್ನೇ ಇದ್ರ ಮ್ಯಾಲೆ ಬರ್ಕೊಡಿ. ತಾಮ್ರ ಅವರ್ದೇ ಅಲ್ವಾ" ಅಂದಳು.

ಸಾಬರು ನನ್ನ ಮುಖ ನೋಡಿದರು. ಉಳಿಯನ್ನು ನನ್ನ ಕೈಗೆ ಇಟ್ಟರು. "ನಿನ್ ತಾತಾರ ಹೆಸ್ರು. ನೀನೇ ಬರಿ."

ಹಂಡೆಯ ಚುಕ್ಕೆಗಳನ್ನು ನೋಡಿ ನೋಡಿ ಬರೆದೆ. ತಗಡಿನ ಮೇಲೆ ನೆಟ್ಟಗೆ ಬರುತ್ತಿದ್ದ ಅಕ್ಷರಗಳು ಇಲ್ಲಿ ಗೋಡೆ ಹತ್ತುವ ಇರುವೆಗಳ ಹಾಗೆ ಓರೆಯಾಗಿ ಮೇಲಕ್ಕೆ ಹೋದವು. ಓದು ಬಾರದ ಅವ್ವ ಬೆರಳಾಡಿಸಿ, "ಚುಚ್ತದಲ್ಲೋ" ಅಂದಳು. "ಹೊಸದು ಕಣವ್ವ, ಬಳಸ್ತಾ ಬಳಸ್ತಾ ನುಣ್ಣಗಾಯ್ತದೆ" ಅಂದೆ.

ಆಮೇಲೆ ಹಂಡೆಯನ್ನು ಅಂಗಳಕ್ಕೆ ಉರುಳಿಸಿದೆ. ಸುತ್ತಿಗೆ ಎತ್ತಿದವನು ಹಾಗೇ ನಿಂತೆ. ಸಾಬರು ಎದ್ದು ಬಂದರು. "ಕೊಡು ಬೇಟಾ, ನಾನು ಬಡೀತೀನಿ."

ಅವ್ವ ತಡೆದಳು. "ಬ್ಯಾಡಿ ಸಾಬ್ರೆ. ಇವ್ನು ಅದ್ರ ನೀರು ಮಿಂದು ಬೆಳ್ದವ್ನು. ಏಟು ತಿನ್ನಾದೇ ಆದ್ರೆ ಮನೆ ಮಗನ ಕೈಲೇ ತಿನ್ಲಿ. ಬಡೀಲಾ."

ಮೊದಲ ಏಟಿಗೆ ಹಂಡೆ ಗುಡಿಯ ಗಂಟೆಯ ಹಾಗೆ ಕೂಗಿತು. ಎರಡನೆಯ ಏಟಿಗೂ ಕೂಗಿತು. ಹೊಟ್ಟೆ ಒಳಕ್ಕೆ ಹೋಗುತ್ತ ಹೋಗುತ್ತ ದನಿ ಇಳಿಯಿತು, ಕಡೆಕಡೆಗೆ ಬರೀ ಕಲ್ಲಿನ ಸದ್ದು. ಅವ್ವ ಅತ್ತ ತಿರುಗಿ, ನೇತುಹಾಕಿದ್ದ ಸೌಟುಗಳನ್ನು ಒಂದೊಂದಾಗಿ ಮುಟ್ಟುತ್ತ ನಿಂತಿದ್ದಳು. ಬಡಿದದ್ದು ಮುಗಿದ ಮೇಲೆಯೂ ತಿರುಗಲಿಲ್ಲ.

ಬಸ್ಸಿಗೆ ಮೊದಲು ರೂಮಿಗೆ ಊಟಕ್ಕೆ ಕರೆದುಕೊಂಡು ಹೋದೆ. ಸ್ಟೀಲು ಪಾತ್ರೆಗಳ ಗಂಟು ನೋಡಿ ಹೆಂಡತಿಗೆ ಅರ್ಥವಾಯಿತು. "ಅಂಡೆ ಕೊಟ್ಬುಟ್ರಾ ಅತ್ತೆ?" ಅಂದಳು.

"ನೀರು ಯಾವುದ್ರಲ್ಲಿ ಕಾದ್ರೂ ಬಿಸೀನೆ ಕಣವ್ವ," ಅಂದಳು ಅವ್ವ, ಮುದ್ದೆ ಮುರಿಯುತ್ತ. "ಎರೆಯೋ ಕೈ ಇದ್ರೆ ಆಯ್ತು."

ಮದುವೆ ಚೆನ್ನಾಗಿಯೇ ಆಯಿತು. ಪಾತ್ರೆಗಳು ಸಾಲಾಗಿ ಹೊಳೆದವು. ನಾನು ಬಚ್ಚಲಿಗೆ ಹೋದಾಗ ಒಲೆಯ ಮೇಲೆ ದುಂಡಗೆ ಬಾಯಿ ಬಿಟ್ಟುಕೊಂಡ ಗುಂಡಿ ಇತ್ತು. ಅದರಲ್ಲಿ ಒಂದು ಅಲ್ಯೂಮಿನಿಯಂ ಪಾತ್ರೆ ಅಂಗಿಯೊಳಗಿನ ಬಡಕಲು ಮೈಯ ಹಾಗೆ ಅಲ್ಲಾಡುತ್ತಿತ್ತು.

ತಂಗಿ ಗಂಡನ ಮನೆಗೆ ಹೋದ ಸ್ವಲ್ಪ ದಿನಕ್ಕೆ ಅವ್ವ ಜ್ವರ ಅಂತ ಮಲಗಿದಳು. ಏಳಲಿಲ್ಲ. ನನ್ನ ಮಗು ಇನ್ನೂ ಹೊಟ್ಟೆಯಲ್ಲಿತ್ತು. ಅವ್ವನ ಕಡೆಯ ಸ್ನಾನಕ್ಕೆ ನೀರು ಕಾಯಿಸಬೇಕು ಅಂದಾಗ ಮನೆಯಲ್ಲಿ ಅಷ್ಟು ದೊಡ್ಡ ಪಾತ್ರೆ ಇರಲಿಲ್ಲ. ಪಕ್ಕದ ಮನೆಯಿಂದ ಹಂಡೆ ಕೇಳಿ ತಂದೆವು. ಊರಿನಲ್ಲಿ ಎಷ್ಟೋ ಮನೆಯವರು ಸಾವಿಗೂ ಹೆರಿಗೆಗೂ ನಮ್ಮ ಹಂಡೆ ಕೇಳಿ ಒಯ್ದಿದ್ದರು. ಅವತ್ತು ನಾನು ಕೇಳಲು ಹೋದೆ. ಅವರು ತಾವೇ ಹೊತ್ತು ತಂದುಕೊಟ್ಟರು.

ಬೂದಿಯನ್ನು ನಾನಿರುವ ಊರಿಗೇ ತಂದೆವು. ಹೊಳೆಯಲ್ಲಿ ಬಿಟ್ಟು, ಬೋಳು ತಲೆಯಲ್ಲಿ ಚೊಂಬಿಗೆ ಅಂತ ನನ್ನ ಅಂಗಡಿಗೇ ಹೋದೆ. ಸಾಬರು ಬನ್ನಿ ಅನ್ನಲಿಲ್ಲ. ಚೊಂಬು ಒರಸಿ ಕೈಗೆ ಕೊಟ್ಟು ತಲೆ ಬಗ್ಗಿಸಿದರು. ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಈ ಊರು ಇನ್ನು ನನ್ನದೇ ಅನ್ನಿಸಿತು. ಅವ್ವ ಈ ನೀರಿನಲ್ಲಿ ಇದ್ದಾಳೆ, ಇನ್ನೆಲ್ಲಿಗೆ ಹೋಗಲಿ?

ಮಗಳು ಹುಟ್ಟಿದಾಗ ವಠಾರದ ಹೆಂಗಸರು ಸರದಿಯ ಮೇಲೆ ಬಂದು ಎರೆದರು. ಪುಣ್ಯವಂತರು. ಆದರೂ ನನ್ನ ಹೆಂಡತಿ ಪ್ರತಿ ದಿನ ಆ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಹಿಡಿಬಳೆಗಳನ್ನು ತಂಗಿ ತಂದುಕೊಟ್ಟಳು. ಅವ್ವ ಅವನ್ನು ತನ್ನ ಮೆತ್ತನೆಯ ಹಳೆ ಸೀರೆಯಲ್ಲಿ ಸುತ್ತಿ, ಜೋಲಿಗೆ ಅಂತ ಎತ್ತಿಟ್ಟಿದ್ದಳಂತೆ. ಮಗಳು ಆ ಸೀರೆಯಲ್ಲೇ ಮಲಗಿ ಬೆಳೆದಳು. ಸೀರೆ ಹರಿದು ಹೋಯಿತು, ಬಳೆಗಳು ಉಳಿದವು.

ಈಗ ತಂಗಿ ಬಂದಿದ್ದಾಳೆ. ಅವಳ ತಲೆಯೂ ನೆರೆತಿದೆ. ಆ ಕೊಳಗ ಅವಳ ಮನೆಯಲ್ಲಿ ಇನ್ನೂ ಇದೆಯಂತೆ, ತಾತನ ಹೆಸರು ನುಣ್ಣಗೆ ತೇದುಹೋಗಿದೆಯಂತೆ. ಇವತ್ತು ಬೆಳಗ್ಗೆ ಬಚ್ಚಲಿನಲ್ಲಿ ಗೀಸರು ನೋಡಿ, "ಗೋಡೆಗೆ ನೇತಾಕಿರೋ ಡಬ್ಬ, ಇದ್ರ ನೀರಿಗೆ ಒಗೆ ವಾಸ್ನೆನೂ ಇಲ್ಲ" ಅಂತ ಗೊಣಗಿದಳು. ಆಮೇಲೆ ಸೀರೆ ಮೇಲಕ್ಕೆ ಕಟ್ಟಿ, ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲಿನ ಮೇಲೆ ಮಲಗಿಸಿಕೊಂಡಳು. ಎಡಗೈಯನ್ನು ಮಗುವಿನ ಹಣೆಗೆ ಅಡ್ಡ ಇಟ್ಟು ಬಲಗೈಯಲ್ಲಿ ನೀರು ಬಿಟ್ಟಳು. ನನ್ನ ಹೆಂಡತಿ ಚೊಂಬು ಹಿಡಿದು ನಿಂತವಳು ನನ್ನ ಕಡೆ ತಿರುಗಿ, "ಅತ್ತೆ ಕೈ" ಅಂದಳು.

ಮಗು ಎರೆಸಿಕೊಂಡು, ಸಾಂಬ್ರಾಣಿ ಹೊಗೆ ಹಿಡಿಸಿಕೊಂಡು ಜೋಲಿಯಲ್ಲಿ ಮಲಗಿದೆ. ತೂಗಿದಾಗಲೆಲ್ಲ ಬಳೆಗಳು ಕಿರ್ರ್ ಅನ್ನುತ್ತವೆ. ಎಣ್ಣೆ ಬಿಡಿ ಅಂತ ಮಗಳು ಹೇಳುತ್ತಾಳೆ. ನಾಳೆ ಬಿಡುತ್ತೇನೆ ಅನ್ನುತ್ತೇನೆ.

"ಮತ್ತೆ ಮಗೀನೇ ನೋಡ್ತಾ ನಿಂತ್ರಲ್ಲ," ಅಂತ ಹೆಂಡತಿ ಒಳಗಿಂದ ಕೂಗಿದಳು.

"ಮಗೀನಲ್ಲ ಕಣೆ," ಅಂದೆ, "ಬಳೆ ನೋಡ್ತಾ ಇವ್ನಿ."